ಕಳಶದ ಚೊಂಬಿನ ನೀರು

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಡೆದದ್ದು. ಗೋವಿಂದರಾಜನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ನಮ್ಮದು. ನನಗೆ ಸ್ವಲ್ಪ ಬಾಯಿ ಜಾಸ್ತಿ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆವತ್ತು ಬೆಳಗ್ಗೆ ಆ ಬಾಯಿಗೆ ಸಿಕ್ಕಿದ್ದು ಕುಡಿಯುವ ನೀರಿನ ಕ್ಯಾನ್ ತರುವ ಯಮನಪ್ಪ. ಬಾಗಲಕೋಟೆ ಕಡೆಯವನು, ಮೂವತ್ತೈದರ ಆಸುಪಾಸು. ಎರಡು ವರ್ಷದಿಂದ ನಮ್ಮ ರಸ್ತೆಗೆಲ್ಲ ಅವನೇ ನೀರು ಹಾಕುವುದು.

ಬಾಗಿಲ ಮುಂದೆ ಒಂದು ಗಂಟೆ ಕೂತು ಬಿಟ್ಟಿದ್ದ ರಂಗೋಲಿಯನ್ನು ತುಳಿದು ಬಂದು ಕ್ಯಾನ್ ಇಳಿಸಿದ. ಅದರಿಂದ ನೀರು ಬೇರೆ ತೊಟ್ಟಿಕ್ಕುತ್ತಿತ್ತು.

“ಕಣ್ಣು ಕಾಣಲ್ವೇನಪ್ಪಾ ನಿನಗೆ?” ಎಂದೆ.

“ತಪ್ಪಾತ್ರಿ ಅಕ್ಕಾರ. ಇನ್ನೊಂದು ಕ್ಯಾನ್ ತರತೀನ್ರಿ” ಎಂದು ತಲೆ ತಗ್ಗಿಸಿಕೊಂಡು ಕೆಳಗೆ ಹೋದ.

ಅದೇ ಸಿಟ್ಟಿನಲ್ಲಿ ಒಳಗೆ ಬಂದೆ. ನಮ್ಮ ಅತ್ತೆಗೆ ತಿಂಡಿ ಆದ ಮೇಲೆ ಎಲೆ ಅಡಿಕೆ ಬೇಕು. ಸುಣ್ಣದ ಟ್ಯೂಬಿನ ಬಾಯಿ ಒಣಗಿ ಕಟ್ಟಿಕೊಂಡಿತ್ತು. “ನೋಡೇ ಸರೋಜಾ, ಬರ್ತಾನೇ ಇಲ್ಲ ಇದು” ಎಂದು ನನ್ನ ಕೈಗೆ ಕೊಟ್ಟರು. ಪಿನ್ನು ಹುಡುಕುವ ತಾಳ್ಮೆ ಯಾರಿಗಿತ್ತು? ಮುಖದ ಹತ್ತಿರ ಹಿಡಿದು, ತೂತನ್ನೇ ನೋಡುತ್ತಾ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ. ಪಟ್ ಅಂತ ಒಡೆದು ಅಷ್ಟೂ ಸುಣ್ಣ ನನ್ನ ಬಲಗಣ್ಣಿಗೆ ಸಿಡಿಯಿತು.

ಎರಡು ಹೆರಿಗೆ ಕಂಡವಳು ನಾನು. ಅಂಥ ಉರಿ ಮಾತ್ರ ಕಂಡಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡುಬಿಟ್ಟಿತು. ಸೆರಗಿನಿಂದ ಉಜ್ಜಿದೆ, ಇನ್ನೂ ಜಾಸ್ತಿಯಾಯಿತು. ಅತ್ತೆ ಗಾಬರಿಯಿಂದ ಅಡುಗೆಮನೆಗೆ ಓಡಿ, “ತಡಿ, ತುಪ್ಪ ಹಾಕ್ತೀನಿ, ತಂಪಾಗುತ್ತೆ” ಎಂದು ಹಬ್ಬಕ್ಕೆ ಕಾಯಿಸಿಟ್ಟಿದ್ದ ತುಪ್ಪ ತಂದರು. ನಮ್ಮ ಮನೆಯಲ್ಲಿ ಕಣ್ಣಿಗೆ ಏನೇ ಆದರೂ ತುಪ್ಪವೇ ಔಷಧಿ. ನಾನೂ ಮುಖ ಎತ್ತಿ ಕೂತೆ.

“ತುಪ್ಪ ಬ್ಯಾಡ್ರಿ ಅಮ್ಮಾರ. ಹಾಕಬ್ಯಾಡ್ರಿ.”

ಯಮನಪ್ಪ ಎರಡನೇ ಕ್ಯಾನ್ ಹೊತ್ತು ಬಾಗಿಲಿಗೆ ಬಂದಿದ್ದ. ಯಾವತ್ತೂ ಹೊಸಿಲು ದಾಟದವನು ನೇರ ಒಳಗೆ ಬಂದು ಕ್ಯಾನಿನ ಸೀಲ್ ಕಿತ್ತ. ಕಳಶಕ್ಕೆಂದು ಹುಣಸೆಹಣ್ಣು ಹಚ್ಚಿ ಬೆಳಗಿಟ್ಟಿದ್ದ ತಾಮ್ರದ ಚೊಂಬು ಅವನ ಕೈಗೆ ಸಿಕ್ಕಿತು. ಮಡಿಯಿಲ್ಲದೆ ಅದನ್ನು ಮುಟ್ಟಲು ಅತ್ತೆ ನನಗೇ ಬಿಡುವವರಲ್ಲ. ಆವತ್ತು ಅವನ ಕೈಯಿಂದಲೇ ಅದನ್ನು ಇಸಿದುಕೊಂಡು ನೀರು ತುಂಬಿಸಿದರು.

ಅವನು ನನ್ನನ್ನು ನೆಲದ ಮೇಲೆ ಮಲಗಿಸಿ, ತಲೆಯನ್ನು ಬಲಕ್ಕೆ ವಾಲಿಸಿದ. “ತಿಕ್ಕಬ್ಯಾಡ್ರಿ ಅಕ್ಕಾರ. ಉರಿದ್ರೂ ಕಣ್ಣ ತೆಗೀರಿ” ಎಂದು ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದ. ಅತ್ತೆ ಚೊಂಬಿನಿಂದ ನೀರು ಹೊಯ್ಯುತ್ತಾ ಹೋದರು. ನಾನು ಒದ್ದಾಡಿದೆ, ಬಾಯಿಗೆ ಬಂದಂತೆ ಬೈದೆ. ಅವನ ಕೈ ಮಾತ್ರ ಅಲ್ಲಾಡಲಿಲ್ಲ. ಮೇಲಿನ ರೆಪ್ಪೆ ಮಗುಚಿ, ಒಳಗೆ ಅಂಟಿದ್ದ ಸುಣ್ಣವನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆದ.

ಹತ್ತು ನಿಮಿಷಕ್ಕೆ ಉರಿ ಸ್ವಲ್ಪ ಇಳಿಯಿತು. “ಸಾಕು ಬಿಡಪ್ಪಾ, ಆಸ್ಪತ್ರೆಗೆ ಹೋಗ್ತೀನಿ” ಎಂದೆ.

“ಇನ್ನೂ ಸಾಲಂಗಿಲ್ರಿ. ಸುಣ್ಣ ಹೋದಂಗ ಕಾಣತೈತಿ, ಒಳಗ ಸುಡಕೋತನ ಇರತೈತಿ. ಹಾಕ್ರಿ ಅಮ್ಮಾರ.”

ಅರ್ಧ ಗಂಟೆ ಹಾಗೇ ನಡೆಯಿತು. ಆ ಕ್ಯಾನು ಮುಗಿದ ಮೇಲೆ, ಮೊದಲು ಬೈಸಿಕೊಂಡು ಇಳಿಸಿದ್ದ ಇನ್ನೊಂದನ್ನೂ ತೆರೆದ. ಹಾಲ್‌ನಲ್ಲೆಲ್ಲ ನೀರು ನಿಂತು, ಹೊರಗೆ ಹರಿದು, ಉಳಿದಿದ್ದ ರಂಗೋಲಿಯೂ ತೊಳೆದುಹೋಯಿತು. ಆಮೇಲೆ ತಾನೇ ಆಟೋ ಕರೆತಂದು ನಮ್ಮಿಬ್ಬರನ್ನೂ ಹತ್ತಿಸಿದ.

ವಿಜಯನಗರದ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಸುಣ್ಣದ ಅಂಶ ಉಳಿದಿದೆಯೇ ಎಂದು ಒಂದು ಕಾಗದದ ಪಟ್ಟಿಯನ್ನು ಕಣ್ಣಿಗೆ ಮುಟ್ಟಿಸಿ ನೋಡಿದರು, ಮತ್ತೊಮ್ಮೆ ತೊಳೆದರು. “ಮೊದಲು ತೊಳೆದಿದ್ದು ಯಾರು?” ಎಂದು ಕೇಳಿದರು. ತುಪ್ಪ ಹಾಕಲು ಬಿಡದೆ ನೀರಿನ ಕ್ಯಾನ್ ತರುವವನು ತೊಳೆದ ಎಂದೆ. ಅವರು ಪೆನ್ನು ಕೆಳಗಿಟ್ಟರು.

“ನೋಡಿ ಅಮ್ಮ, ಸುಣ್ಣ ಕಣ್ಣಿನ ಒಳಗೆ ಇಳೀತಾನೇ ಹೋಗುತ್ತೆ. ತುಪ್ಪ ಹಾಕ್ಕೊಂಡು ಬಂದಿದ್ರೆ ಈ ಕಣ್ಣಿನ ಬಗ್ಗೆ ನಾನು ಭರವಸೆ ಕೊಡೋಕಾಗ್ತಿರ್ಲಿಲ್ಲ. ಇನ್ನು ನಾನು ಡ್ರಾಪ್ಸ್ ಕೊಡ್ತೀನಿ. ಕಣ್ಣು ಉಳಿಸಿದ್ದು ಆ ಅರ್ಧ ಗಂಟೆಯ ನೀರು.”

ಮರುದಿನ ಅತ್ತೆ ಅದೇ ಚೊಂಬಿನಲ್ಲಿ ಕಳಶ ಇಟ್ಟರು.

ಹತ್ತು ದಿನದ ಮೇಲೆ ಕಣ್ಣು ತಿಳಿಯಾಯಿತು. ಯಮನಪ್ಪ ಕ್ಯಾನ್ ತಂದಾಗ ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟೆ. “ಇದೆಲ್ಲ ಎಲ್ಲಿ ಕಲಿತೆಯಪ್ಪಾ?” ಎಂದೆ.

“ಊರಾಗ ಸುಣ್ಣದ ಭಟ್ಟ್ಯಾಗ ದುಡೀತಿದ್ನಿರಿ. ನನ್ನ ಕಣ್ಣಿಗೂ ಸಿಡಿದಿತ್ತು. ಬೆಣ್ಣಿ ಹಚ್ಚಿ, ಅರಿವಿ ಕಟ್ಟಿ ಮಲಗಿಸಿದ್ರು. ಮರುದಿನ ದವಾಖಾನಿಗೆ ಹೋದ್ರ, ಅಲ್ಲೇ ನೀರು ಹಾಕಿದ್ರ ಉಳೀತಿತ್ತು ಅಂದ್ರು. ಹೆಂಗ ಹಾಕಬೇಕು ಅಂತ ಅವ್ರನ್ನ ಕೇಳಿ ತಿಳ್ಕೊಂಡ್ನಿರಿ. ಭಟ್ಟ್ಯಾಗ ಮತ್ತ ಯಾರಿಗರ ಆದ್ರ ಬೇಕಲ್ರಿ.”

ಆಗ ಅವನ ಮುಖ ನೋಡಿದೆ. ಎಡಗಣ್ಣಿನ ಕಪ್ಪು ಗುಡ್ಡೆಯೆಲ್ಲ ಹಾಲಿನಂತೆ ಬೆಳ್ಳಗಾಗಿತ್ತು. ಎರಡು ವರ್ಷ ಅವನು ನನ್ನ ಬಾಗಿಲಿಗೆ ಬಂದಿದ್ದಾನೆ. ನಾನು ನೋಡುತ್ತಿದ್ದದ್ದು ಕ್ಯಾನು, ನೆಲದ ಮೇಲೆ ಬಿದ್ದ ನೀರು. ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ತನ್ನ ಕಣ್ಣು ಹೋದ ಮೇಲೆ ಇನ್ನೊಬ್ಬರ ಕಣ್ಣು ಉಳಿಸುವುದನ್ನು ಕೇಳಿ ಕಲಿತವನು ಅವನು. ಅಂಥವನಿಗೆ ನಾನು ಕೇಳಿದ ಪ್ರಶ್ನೆ ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ.

“ಅವತ್ತು ಕಣ್ಣು ಕಾಣಲ್ವಾ ಅಂದುಬಿಟ್ಟೆ. ತಪ್ಪಾಯ್ತಪ್ಪಾ” ಎಂದೆ.

“ಖರೇನ ಅಂದ್ರಿ ಅಕ್ಕಾರ, ಆ ಬಾಜು ಕಾಣಂಗಿಲ್ಲ” ಎಂದು ನಕ್ಕು, ಖಾಲಿ ಕ್ಯಾನ್ ಎತ್ತಿಕೊಂಡು ಹೊರಟ.

ನನ್ನ ಬಾಯಿ ಪೂರ್ತಿ ಕಡಿಮೆಯಾಗಿದೆ ಎಂದರೆ ಮನೆಯವರೇ ನಗುತ್ತಾರೆ. ಆದರೆ ರಂಗೋಲಿಯನ್ನು ಈಗ ಬಾಗಿಲ ನಡುವೆ ಬಿಡುವುದಿಲ್ಲ. ಮೆಟ್ಟಿಲು ಹತ್ತಿ ಬರುವವರ ಬಲಕ್ಕೆ ಬಿಡುತ್ತೇನೆ, ಯಮನಪ್ಪನಿಗೆ ಕಾಣುವ ಕಡೆ.