ನಾಲ್ಕು ಬದಿಯ ಫೋಟೋ

ನನ್ನ ಗಂಡ ನನಗಿಂತ ಒಂದು ಗಂಟೆ ಮುಂದಿರುತ್ತಾರೆ. ಬುದ್ಧಿಯಲ್ಲಿ ಎಂದು ಅವರು ತಿಳಿದುಕೊಂಡಿದ್ದರೆ ಅದು ಬೇರೆ ವಿಷಯ. ನಾನು ಹೇಳುತ್ತಿರುವುದು ಗಡಿಯಾರದ ಮಾತು. ಅವರ ಕೆಲಸ ಡೆಟ್ರಾಯ್ಟ್ ಹತ್ತಿರದ ಪ್ಲಿಮತ್‌ನಲ್ಲಿ, ನಮ್ಮ ಮನೆ ಶಿಕಾಗೋ ಹತ್ತಿರದ ಶಾಮ್‌ಬರ್ಗ್‌ನಲ್ಲಿ. ಅಲ್ಲಿ ಎಂಟಾದಾಗ ಇಲ್ಲಿ ಏಳು. ನಾನು ಕಾಫಿ ಲೋಟ ಹಿಡಿದು ಫೋನ್ ಮಾಡುವ ಹೊತ್ತಿಗೆ ಅವರು ಆಗಲೇ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಾಕುತ್ತಿರುತ್ತಾರೆ. ಆ ಶುಕ್ರವಾರದ ಬೆಳಗ್ಗೆಯೂ ಹಾಗೆಯೇ ಆಯಿತು.

"ತಿಂಡಿ ಆಯ್ತಾ?"

"ಆಯ್ತು. ನಿಂದು?"

"ಈಗ ಮಾಡ್ಬೇಕು."

"ಸರಿ ಮತ್ತೆ."

ಇಷ್ಟೇ. ಹಿಮ ಬಿದ್ದ ದಿನ ಇದಕ್ಕೆ ಇನ್ನೆರಡು ವಾಕ್ಯ ಸೇರುತ್ತವೆ. ಒಂದು ವರ್ಷದ ಕೆಲಸವೆಂದು ಹೋದವರು. ಆ ಒಂದು ವರ್ಷಕ್ಕೆ ಈಗ ನಾಲ್ಕು ತುಂಬಿದೆ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ರಾತ್ರಿ ಬರುತ್ತಾರೆ, ಶನಿವಾರ ಹುಲ್ಲು ಕತ್ತರಿಸುತ್ತಾರೆ, ಭಾನುವಾರ ಮಧ್ಯಾಹ್ನ ಊಟದ ಡಬ್ಬಿಗಳನ್ನು ಹಿಡಿದು ಹೊರಡುತ್ತಾರೆ. ಜಗಳವಾಡಲು ಕೂಡ ನಮಗೆ ಬಿಡುವಿಲ್ಲ. ಮನೆಯಲ್ಲಿ ಮಾತು ಕಡಿಮೆಯಾದಾಗ ಮನುಷ್ಯರು ಏನೇನಕ್ಕೋ ಅಂಟಿಕೊಳ್ಳುತ್ತಾರಂತೆ. ಕೆಲವರು ನಾಯಿ ಸಾಕುತ್ತಾರೆ, ಕೆಲವರು ಯೋಗ ಹಿಡಿಯುತ್ತಾರೆ. ನಾನು ಒಂದು ಬಸ್ಸಿಗೆ ಬಣ್ಣ ಬಳಿಯತೊಡಗಿದೆ.

ಬಸ್ಸು ಎಂದರೆ ಮೋಟರ್‌ಹೋಮ್. ಬೆನ್ನ ಮೇಲೆ ಮನೆ ಹೊತ್ತ ಬಸ್ಸು. ಒಳಗೆ ಒಲೆ, ಸಿಂಕು, ಹಾಸಿಗೆ, ಮೊಣಕೈ ತಗುಲಿಸಿಕೊಳ್ಳದೆ ತಿರುಗಲಾಗದ ಒಂದು ಬಚ್ಚಲು. ನಮ್ಮ ಮಗಳಿಗಿಂತ ಹಿರಿಯದು. ಅವಳು ಹೈಸ್ಕೂಲಿನಲ್ಲಿದ್ದಾಗ, ದೇಶವನ್ನೆಲ್ಲ ಸುತ್ತೋಣವೆಂದು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡೆವು. ಸುತ್ತಿದ್ದು ಪಕ್ಕದ ರಾಜ್ಯ ವಿಸ್ಕಾನ್ಸಿನ್ನಿನವರೆಗೆ. ಆಮೇಲೆ ಮಗಳು ಕಾಲೇಜು, ಕೆಲಸವೆಂದು ದೂರದ ಊರಿಗೆ ಹೋದಳು, ಇವರು ಪ್ಲಿಮತ್‌ಗೆ ಹೋದರು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಡ್ರೈವ್‌ವೇನಲ್ಲಿ ಆ ಗಾಡಿ ಮತ್ತು ಗಾಡಿಯ ಮುಂದೆ ನಾನು, ಇಬ್ಬರೂ ಉಳಿದೆವು. ನಮ್ಮದು ಹಳೆಯ ಬಡಾವಣೆ. ಇಂಥ ಗಾಡಿ ನಿಲ್ಲಿಸಿದ್ದಕ್ಕೆ ತಕರಾರು ತೆಗೆಯಲು ಮನೆಮಾಲೀಕರ ಅಸೋಸಿಯೇಷನ್ ಇಲ್ಲ.

ಈ ವಸಂತದಲ್ಲಿ ನನಗೊಂದು ಯೋಚನೆ ಹೊಳೆಯಿತು. ಪ್ಲಿಮತ್‌ನಲ್ಲಿ ಇವರಿರುವುದು ಸಹೋದ್ಯೋಗಿಯೊಬ್ಬರ ಬೇಸ್‌ಮೆಂಟಿನ ಒಂದು ಕೋಣೆಯಲ್ಲಿ. ಅಲ್ಲಿಗೆ ನಾನು ಹೋಗಿ ಇರುವಂತಿಲ್ಲ. ಆದರೆ ಅವರ ಆಫೀಸಿನಿಂದ ಹತ್ತು ಮೈಲಿಯಲ್ಲಿ ಮರಗಳ ನಡುವೆ ಒಂದು ಕ್ಯಾಂಪ್‌ಗ್ರೌಂಡ್ ಇದೆ. ಬೇಸಿಗೆಯುದ್ದಕ್ಕೂ ಗಾಡಿ ನಿಲ್ಲಿಸಿಕೊಂಡು ವಾಸಿಸಬಹುದು. ನಾನು ಅಲ್ಲಿದ್ದರೆ ಇವರು ಸಂಜೆ ಕೆಲಸ ಮುಗಿಸಿ ಮನೆಗೆ ಬರುತ್ತಾರೆ, ಪ್ರತಿ ಸಂಜೆ. ಮಕ್ಕಳು ದಡ ಸೇರಿದ ಮೇಲೆ ಗಂಡಹೆಂಡತಿ ಕಾಡಿಗೆ ಹೋಗಬೇಕೆಂದು ನಮ್ಮ ಹಿರಿಯರು ವಿಧಿಸಿದ್ದರಲ್ಲ, ಅದೇ ವಾನಪ್ರಸ್ಥ. ಆ ಕಾಲದ ಕಾಡಿನಲ್ಲಿ ಕರೆಂಟು, ನೀರಿನ ಕನೆಕ್ಷನ್ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಮತ್ತು ಋಷಿಗಳು ಯಾರೂ ಸೇರಿಸಿಕೊಳ್ಳುವ ಮೊದಲು ವಾಹನದ ವಯಸ್ಸು ಕೇಳಿದ್ದು ನನಗೆ ಗೊತ್ತಿಲ್ಲ.

ಕ್ಯಾಂಪ್‌ಗ್ರೌಂಡಿನ ಹೆಂಗಸು ಕೇಳಿದಳು. ಹತ್ತು ವರ್ಷಕ್ಕಿಂತ ಹಳೆಯ ಗಾಡಿಯಾದರೆ ನಾಲ್ಕೂ ಬದಿಯ ಫೋಟೋ ಕಳಿಸಬೇಕು, ನೋಡಿ ಹೇಳುತ್ತೇವೆ ಎಂದಳು. ನನಗೆ ನಗು ಬಂತು. ಮೂವತ್ತು ವರ್ಷದ ಹಿಂದೆ ಮೈಸೂರಿನ ಸ್ಟುಡಿಯೋ ಒಂದರಲ್ಲಿ, ಚಿಕ್ಕಮ್ಮನ ರೇಷ್ಮೆ ಸೀರೆ ಉಟ್ಟು, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡ್ ಇಟ್ಟುಕೊಂಡು ನಾನೂ ಹೀಗೇ ಫೋಟೋ ತೆಗೆಸಿಕೊಂಡಿದ್ದೆ. ಅದು ಇವರ ಮನೆಗೆ ಹೋಗಿ, "ನೋಡಿ ಹೇಳ್ತೀವಿ" ಎಂಬ ಉತ್ತರ ಬಂದಿತ್ತು. ನನಗಾದರೂ ಒಂದೇ ಬದಿ ಸಾಕಾಗಿತ್ತು.

ಇವರಿಗೆ ಹೇಳಿದೆ. "ನೋಡೋಣ" ಎಂದರು. ನಮ್ಮ ಸಂಸಾರದಲ್ಲಿ "ನೋಡೋಣ" ಎಂಬುದು ಹೌದೂ ಅಲ್ಲ, ಅಲ್ಲವೂ ಅಲ್ಲ. ಅದು ಮಳೆ ಬರಬಹುದಾದ ಮೋಡ. ಇವರಿಗೆ ನಾನು ಬರುವುದು ಬೇಕೋ, ಆ ಬೇಸ್‌ಮೆಂಟಿನ ಮೌನವೇ ಒಗ್ಗಿಹೋಗಿದೆಯೋ, ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಕೇಳುವುದಕ್ಕಿಂತ ಬಣ್ಣ ಬಳಿಯುವುದು ಸುಲಭವೆನಿಸಿತು.

ಗಾಡಿಯ ಮೈ ಮುಟ್ಟಿದರೆ ಅಂಗೈಗೆ ಸೀಮೆಸುಣ್ಣದಂಥ ಪುಡಿ ಅಂಟುತ್ತಿತ್ತು. ಬಿಸಿಲಿಗೆ ಬಣ್ಣ ಸತ್ತರೆ ಹಾಗಾಗುತ್ತದಂತೆ. ನನಗೆ ಕಾನ್ವೆಂಟಿನ ಸೋಮವಾರಗಳು ನೆನಪಾದವು. ಭಾನುವಾರ ಸಂಜೆ ಕ್ಯಾನ್ವಾಸ್ ಶೂ ತೊಳೆದು, ಬಿಳಿ ಪಾಲಿಶ್ ಬಳಿದು, ಕಾಂಪೌಂಡಿನ ಮೇಲೆ ಒಣಗಿಸಬೇಕು. ಮರೆತ ಹುಡುಗಿಯರು ಅಸೆಂಬ್ಲಿಯ ಮುಂಚೆ ಕರಿಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ಉಜ್ಜಿಕೊಳ್ಳುತ್ತಿದ್ದರು. ಸಿಸ್ಟರ್ ಸಾಲಿನಲ್ಲಿ ನಡೆಯುತ್ತ ಬಂದು, ಕಾಲು ನೆಲಕ್ಕೆ ಒಮ್ಮೆ ಅಪ್ಪಳಿಸು ಎನ್ನುತ್ತಿದ್ದರು. ಸೀಮೆಸುಣ್ಣವಾದರೆ ಪುಡಿ ಹಾರುತ್ತಿತ್ತು. ಅಂದಿನಿಂದ ನನಗೆ ಬಿಳಿ ಬಣ್ಣ ಎಂದರೆ ಒಂದು ಭಯ, ಒಂದು ಭಕ್ತಿ.

ಹಾಗಾಗಿ ಅಡ್ಡದಾರಿ ಹಿಡಿಯಲಿಲ್ಲ. ಮೊದಲು ಸೋಪಿನಿಂದ ತೊಳೆದೆ. ಬದಿಗಳಲ್ಲಿದ್ದ ಕಂದು, ಕೇಸರಿ ಪಟ್ಟೆಗಳು ಒಡೆದು ಸಿಪ್ಪೆಯೇಳುತ್ತಿದ್ದವು. ಅವನ್ನು ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡಿ, ಹಳೆಯ ದೋಸೆ ಮಗುಚುವ ಕೈಯಿಂದ ಎಬ್ಬಿಸಿದೆ. ಪಟ್ಟೆ ಹೋದ ಕಡೆ ಅದರ ನೆರಳು ಉಳಿಯಿತು, ಗೋಡೆಯಿಂದ ಫೋಟೋ ತೆಗೆದಾಗ ಉಳಿಯುವ ಚೌಕದ ಹಾಗೆ. ಕಿಟಕಿಗಳ ಸುತ್ತ ನೀರು ತಡೆಯಲು ಮೆತ್ತಿದ್ದ ಹಳೆಯ ಸೀಲೆಂಟ್ ಕೆರೆದು ಹೊಸತು ಹಾಕಿದೆ. ಹಿಂದಿನ ಮೂಲೆಯೊಂದರಲ್ಲಿ ಬೆರಳಿಟ್ಟರೆ ಹಾಲಿನಲ್ಲಿ ನೆನೆದ ರಸ್ಕಿನಂತೆ ಒಳಗೆ ಹೋಯಿತು. ಮೇಲಿನ ಒಂದು ಸಂದಿಯಿಂದ, ದಾರ ಹೋಗುವಷ್ಟೂ ಇಲ್ಲದ ಸಂದಿಯಿಂದ, ಎಷ್ಟೋ ಮಳೆಗಾಲದ ನೀರು ಹನಿಹನಿಯಾಗಿ ಇಳಿದು ಒಳಗಿನ ಮರ ಕೊಳೆತಿತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ. ಆ ದಿನ ಕೆಲಸ ನಿಲ್ಲಿಸಿ ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದೆ. ಮರುದಿನ ಕೊಳೆತದ್ದನ್ನು ಕಿತ್ತು, ಹೊಸ ಮರದ ತುಂಡು ಕೂರಿಸಿ, ಮೇಲೆ ಫೈಬರ್‌ಗ್ಲಾಸ್ ಹಚ್ಚಿ ಉಜ್ಜಿದೆ. ಮಗಳಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದರೆ, "ಅಮ್ಮಾ, ಆರ್ ಯು ಓಕೆ?" ಎಂದಳು. ಗಾಡಿ ಹೇಗಿದೆ ಎಂದು ಅವಳು ಕೇಳಲಿಲ್ಲ.

ಪಕ್ಕದ ಮನೆಯ ಶಮೀಮ್ ಮಾತ್ರ ಗಾಡಿಯನ್ನೇ ಕೇಳುತ್ತಿದ್ದಳು. ರಾಣೆಬೆನ್ನೂರಿನವಳು, ಗಂಡ ಡೆಸ್ ಪ್ಲೇನ್ಸ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಕಸದ ಡಬ್ಬ ಹೊರಗಿಡಲು ಬಂದಾಗೆಲ್ಲ ಒಂದು ಕುಟುಕು ತಪ್ಪುತ್ತಿರಲಿಲ್ಲ. "ಏನ್ರೀ ಅಕ್ಕಾರ, ಗಾಡಿಗೆ ಅರಿಷಿಣ ಹಚ್ಚೋ ಶಾಸ್ತ್ರ ಮುಗೀತೇನ? ಮದಿವಿ ಯಾವತ್ತು?" ನಾನು ನಕ್ಕು ಒಳಗೆ ಹೋಗುತ್ತಿದ್ದೆ. ಆರು ವರ್ಷದ ನೆರೆ. ರಂಜಾನಿಗೆ ಅವಳ ಖೀರು, ಯುಗಾದಿಗೆ ನನ್ನ ಒಬ್ಬಟ್ಟು, ಅದರಾಚೆ ಹೆಚ್ಚಿಲ್ಲ. ಸಂಕೋಚ ನನ್ನದೇ. ಒಂಟಿಯಾಗಿರುವವರಿಗೆ ತಾವು ಒಂಟಿ ಎಂದು ಪಕ್ಕದವರಿಗೆ ತಿಳಿದುಬಿಟ್ಟೀತು ಎಂಬ ಭಯವೂ ಇರುತ್ತದೆ.

ಆ ಶುಕ್ರವಾರಕ್ಕೆ ಮೂರು ಬದಿ ಮುಗಿದಿತ್ತು. ಬಾಗಿಲಿರುವ ಬದಿ ಒಂದೇ ಬಾಕಿ. ಕ್ಯಾಂಪ್‌ಗ್ರೌಂಡಿನಲ್ಲಿ ಉಳಿದದ್ದೂ ಒಂದೇ ಜಾಗ. ಅಂದು ಐದು ಗಂಟೆಯೊಳಗೆ ಫೋಟೋ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಅವರ ಐದು ಎಂದರೆ ನನ್ನ ನಾಲ್ಕು. ಆ ಲೆಕ್ಕದಲ್ಲಿ ನಾನು ತಪ್ಪುವವಳಲ್ಲ. ತಪ್ಪಿದ್ದು ಬೇರೆ ಕಡೆ.

ಫೋನಿಟ್ಟ ಮೇಲೆ ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿ, ಹೊಸ್ತಿಲ ಮುಂದೆ ರಂಗೋಲಿ ಹಾಕಿದೆ. ಶುಭಕಾರ್ಯದ ದಿನವಲ್ಲವೇ ಎಂದು ಗಾಡಿಯ ಬಾಗಿಲ ಮೆಟ್ಟಿಲ ಕೆಳಗೂ ಧಾರಾಳವಾಗಿ ಒಂದು ಹಾಕಿದೆ, ದೊಡ್ಡ ಎಂಟು ದಳದ ಕಮಲ. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ತಂದ ಪುಡಿ, ಹಿಟ್ಟಿನಂತೆ ನುಣ್ಣಗೆ. ನಂತರ ರೋಲರ್ ಹಿಡಿದು ಬದಿಯುದ್ದಕ್ಕೂ ಬಳಿದೆ. ಗಾಳಿಯಿಲ್ಲ, ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಬಣ್ಣಕ್ಕೆ ಹೇಳಿ ಮಾಡಿಸಿದ ಹವೆ. ಗಾಡಿ ಆಗತಾನೆ ಮಿಂದ ಹಸುವಿನಂತೆ ಹೊಳೆಯಿತು.

ಶುಕ್ರವಾರ ನನಗಷ್ಟೇ ಶುಕ್ರವಾರ ಎಂದುಕೊಂಡದ್ದು ನನ್ನ ತಪ್ಪು. ಬೀದಿಯ ಹುಲ್ಲು ಕತ್ತರಿಸುವವರಿಗೂ ಅದು ಶುಕ್ರವಾರವೇ. ಶಮೀಮಳ ಅಂಗಳ ಮುಗಿಸಿ, ಬೆನ್ನಿಗೆ ಗಾಳಿ ಊದುವ ಬ್ಲೋವರ್ ಕಟ್ಟಿಕೊಂಡವನೊಬ್ಬ ನಮ್ಮ ಡ್ರೈವ್‌ವೇಗೂ ಬಿದ್ದಿದ್ದ ಹುಲ್ಲಿನ ಚೂರುಗಳನ್ನು ಸೌಜನ್ಯದಿಂದ ಊದಿ ತೆಗೆದ. ಹುಲ್ಲು ಹೋಯಿತು. ಕಮಲವೂ ಹೋಯಿತು. ಎಂಟು ದಳವೂ ಎದ್ದು ಹೋಗಿ ಹಸಿ ಬಣ್ಣದ ಮೇಲೆ ಕೂತವು. ನಾನು ಕಿರುಚಿದ್ದು ಬ್ಲೋವರಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ; ಕೈಬೀಸಿದ್ದನ್ನು ಕೃತಜ್ಞತೆ ಎಂದು ತಿಳಿದು ಅವನೂ ಕೈಬೀಸಿ ಹೋದ.

ಬೆರಳಿಟ್ಟರೆ ರವೆ ಉಪ್ಪಿಟ್ಟು ಮುಟ್ಟಿದಂತಿತ್ತು. ಒದ್ದೆ ಬಟ್ಟೆ ಹಿಡಿದು ಒರೆಸಲು ಕೈಯೆತ್ತಿದೆ.

"ಹಾ ಹಾ, ಮುಟ್ಟಬ್ಯಾಡ್ರಿ!" ಶಮೀಮ್ ಅಡಿಗೆಯ ಕೈಯಲ್ಲೇ ಓಡಿಬಂದಳು. "ಹಸಿ ರೊಟ್ಟಿ ಎಳದ್ರ ಹರೀತದ. ಒಣಗ್ಲಿ ಬಿಡ್ರಿ, ಆಮ್ಯಾಲೆ ತಿಕ್ಕಿ ಮತ್ತೊಂದು ಕೈ ಹಚ್ಚೂಣು."

"ನಾಲ್ಕು ಗಂಟೆ ಒಳಗೆ ಫೋಟೋ ಕಳಿಸ್ಬೇಕು ಶಮೀಮ್."

"ಇನ್ನ ಹತ್ತೂ ಆಗಿಲ್ಲ. ಏನಕ್ಕಾರ, ಅಳಾಕ ಹತ್ತೀರಿ? ರಂಗೋಲಿ ಬಿದ್ದಿದ್ದಕ್ಕ ಯಾರಾರ ಅಳ್ತಾರೇನ್ರಿ?"

ನಾನು ಅಳುತ್ತಿದ್ದೆನೆಂದು ಅವಳು ಹೇಳಿದ ಮೇಲೆಯೇ ನನಗೂ ಗೊತ್ತಾದದ್ದು. ಅವಳು ಚಹಾ ತಂದಳು. ಗಾಡಿಯ ಒಳಗಿನ ಪುಟ್ಟ ಮೇಜಿನ ಎದುರುಬದುರು ಕೂತೆವು. ಯಾಕೆ, ಏನು ಎಂದು ಕೇಳಿದಳು, ಎಲ್ಲ ಹೇಳಿದೆ. "ನೋಡೋಣ"ದವರೆಗೂ ಹೇಳಿದೆ.

"ಗಂಡಸ್ರು ನೋಡೋಣ ಅಂದ್ರ ಹೂಂ ಅಂತನ ತಿಳ್ಕೋರಿ. ಬ್ಯಾಡ ಅನ್ನೂದಿದ್ರ ಬ್ಯಾಡ ಅಂತಿದ್ರು. ಅದಕ್ಕ ಅವ್ರಿಗೆ ಯೋಚನಿ ಬೇಕಾಗಂಗಿಲ್ಲ."

ನಕ್ಕುಬಿಟ್ಟೆ. ಅವಳೂ ನಕ್ಕಳು. ಅವಳ ಗಂಡ ಬೆಳಗ್ಗೆ ಅಂಗಡಿಗೆ ಹೋದರೆ ರಾತ್ರಿಯೇ ಬರುವುದೆಂದೂ, ಇಬ್ಬರು ಮಕ್ಕಳೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಕೋಣೆ ಸೇರುವರೆಂದೂ, ಮಧ್ಯಾಹ್ನದಲ್ಲಿ ಕನ್ನಡ ಮಾತಾಡಬೇಕೆನಿಸಿದರೆ ರಾಣೆಬೆನ್ನೂರಿನಲ್ಲಿ ನಡುರಾತ್ರಿಯಾಗಿರುತ್ತದೆಂದೂ ಹೇಳಿದಳು. ನಮ್ಮ ಎರಡು ಮನೆಯ ನಡುವೆ ಒಂದು ಬಸ್ಸಿನ ಅಗಲವಷ್ಟೇ ಇದ್ದದ್ದು. ಅದನ್ನು ಸುತ್ತಿ ಬರಲು ನನಗೆ ಆರು ವರ್ಷ ಹಿಡಿಯಿತು.

ಮಧ್ಯಾಹ್ನ ಬಣ್ಣ ಒಣಗಿದ ಮೇಲೆ ಇಬ್ಬರೂ ನುಣುಪು ಸ್ಯಾಂಡ್‌ಪೇಪರ್ ಹಿಡಿದು ತಿಕ್ಕಿದೆವು. ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು ಕೆಳಗಿನ ಅರ್ಧ, ನಾನು ಸ್ಟೂಲು ಹತ್ತಿ ಮೇಲಿನ ಅರ್ಧ. ಇನ್ನೊಂದು ಕೈ ಬಣ್ಣ ಬಿತ್ತು. ಅಲ್ಲಲ್ಲಿ ಕಮಲ ಉಳಿದೇ ಉಳಿಯಿತು, ಆದರೆ ಸವರಿ ನೋಡಿದವರಿಗೆ ಮಾತ್ರ. ಫೋಟೋಗೆ ಬೆರಳಿರುವುದಿಲ್ಲವಲ್ಲ. ಮೂರೂವರೆಗೆ ನಾಲ್ಕೂ ಬದಿ ತೆಗೆದು ಕಳಿಸಿದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು. ಗಾಡಿಯನ್ನು ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ, ಜಾಗ ನಿಮ್ಮದು, ಭಾನುವಾರದಿಂದ ಬರಬಹುದು. ಅಂದು ಇವರು ಬರುವ ಶುಕ್ರವಾರವೇ ಆಗಿತ್ತು, ಇನ್ನೂ ಹೊರಟಿರಲಿಲ್ಲ. ಕೂಡಲೇ ಫೋನ್ ಮಾಡಿದೆ. ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಹಾಗಾದ್ರೆ ಇವತ್ತು ಕಾರು ತರಲ್ಲ, ಬಸ್ಸಿಗೆ ಬರ್ತೀನಿ. ಭಾನುವಾರ ಗಾಡಿ ನಾನೇ ಡ್ರೈವ್ ಮಾಡ್ಬೇಕಲ್ಲ," ಎಂದರು. ಮತ್ತೆ, "ಆ ದೊಡ್ಡ ಕುಕ್ಕರ್ ಇಟ್ಕೋ. ಇಲ್ಲಿ ಬಿಸಿಬೇಳೆಬಾತ್ ತಿಂದು ಯಾವ ಕಾಲ ಆಯ್ತು."

ಇದಕ್ಕಿಂತ ದೊಡ್ಡ ಪ್ರೇಮಪತ್ರ ನಮ್ಮವರು ಮದುವೆಯ ಹೊಸತರಲ್ಲೂ ಬರೆದವರಲ್ಲ. ನಾನು ಕುಕ್ಕರಿನ ಗ್ಯಾಸ್ಕೆಟ್ಟು ಹುಡುಕುವ ನೆಪದಲ್ಲಿ ಅಡಿಗೆಮನೆಯಲ್ಲಿ ಒಬ್ಬಳೇ ಬಹಳ ಹೊತ್ತು ನಿಂತಿದ್ದೆ.

ಸಂಜೆ ಹೊರಗೆ ಬಂದು, ಬಣ್ಣ ತಗಲದಿರಲೆಂದು ಅಂಟಿಸಿದ್ದ ಮಾಸ್ಕಿಂಗ್ ಟೇಪಿನ ಉಳಿದ ಚೂರುಗಳನ್ನು ಕೀಳುತ್ತಿದ್ದೆ. ಶಮೀಮ್ ತನ್ನ ಮೆಟ್ಟಿಲ ಮೇಲೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದಳು. ಜಾಗ ಸಿಕ್ಕಿತು, ಇವರೂ ಒಪ್ಪಿದರು, ಭಾನುವಾರ ಹೊರಡುತ್ತೇವೆ ಎಂದೆ.

"ಚಲೋ ಆತು ಬಿಡ್ರಿ," ಎಂದಳು ತಲೆಯೆತ್ತದೆ. ಒಂದು ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ ಮುಗಿಸಿದಳು. ಆಮೇಲೆ ತನ್ನ ಮನೆಯ ಕಡೆ ಒಮ್ಮೆ, ಗಾಡಿಯ ಕಡೆ ಒಮ್ಮೆ ನೋಡಿ, ಬಟ್ಟಲು ಎತ್ತಿಕೊಂಡು ಒಳಗೆ ಹೋಗುತ್ತ ಅಂದಳು: "ಇದು ಅಡ್ಡ ಇತ್ತಂತ ನಮ್ಮ ಅಡಿಗಿಮನಿ ಕಿಡಕಿಗೆ ಇಷ್ಟ ದಿನ ಪರದೀನ ಹಾಕಿರಲಿಲ್ಲ, ಅಕ್ಕಾರ. ಇನ್ನ ಮುಂಜಾನಿ ಬಿಸಿಲು ಕಣ್ಣಿಗೇ ಹೊಡಿತದ, ಒಂದು ಹೊಲಿಸ್ಬೇಕು."