ಯಾರಿಗೂ ಹೇಳದ ಬಸಿರು

ಸೌಮ್ಯಶ್ರೀ ಬಸುರಿ ಅನ್ನುವುದು ನಾಯಂಡಹಳ್ಳಿಯ ಆ ವಠಾರದಲ್ಲಿ ಅವಳ ಗಂಡ ಗಿರಿರಾಜನನ್ನೂ ಅತ್ತೆ ಜಗದಾಂಬಾರನ್ನೂ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

"ಮೂರು ತಿಂಗಳು ತುಂಬೋವರೆಗೂ ಯಾರ ಮುಂದೂ ಬಾಯಿ ಬಿಡಬಾರದು ಕಣಮ್ಮ," ಅಂದಿದ್ದರು ಅತ್ತೆ.

"ನಮ್ಮಮ್ಮನಿಗೂ ಹೇಳಬಾರದಾ?"

"ನಿಮ್ಮಮ್ಮನಿಗಾ? ಫೋನ್ ಇಡೋ ಹೊತ್ತಿಗೆ ಇಡೀ ತಿಪಟೂರಿಗೆ ಗೊತ್ತಾಗಿರುತ್ತೆ!"

ಸೌಮ್ಯಶ್ರೀ ನಕ್ಕಳು. ಅತ್ತೆ ನಗಲಿಲ್ಲ. ಜಗದಾಂಬಾ ತಮ್ಮ ಮೊದಲ ಬಸಿರಿನಲ್ಲಿ ಸಂಭ್ರಮ ತಡೆಯಲಾರದೆ ಬೀದಿಗೆಲ್ಲ ಪೇಡೆ ಹಂಚಿದ್ದರಂತೆ. ಅದೇ ವಾರ ಅದು ಹೋಯಿತು. ಅಂದಿನಿಂದ ಪೇಡೆ ತಿಂದವರಲ್ಲಿ ಕಣ್ಣು ಯಾರದ್ದು ಎಂದು ಅವರ ಮನಸ್ಸು ಹುಡುಕುತ್ತಲೇ ಇತ್ತು. ಆ ಸಂಕಟದ ಮುಂದೆ ವಾದ ಮಾಡುವುದು ಹೇಗೆ? ಸೌಮ್ಯಶ್ರೀ ಮಾತು ಕೊಟ್ಟಳು.

ಮನೆಯೊಳಗೆ ಪಪ್ಪಾಯಿ ಬರುವುದು ನಿಂತಿತು. ಎಳ್ಳಿನ ಚಟ್ನಿ ನಿಂತಿತು. ಆದರೆ ನಲ್ಲಿಯಿಂದ ನೀರು ಹೊರುವುದು ನಿಲ್ಲಲಿಲ್ಲ. ಗಿರಿರಾಜ್ ಕೊಡ ಹಿಡಿದು ಹೊರಗೆ ಬಂದರೆ ಸಾಕು, ವಠಾರಕ್ಕೆ ವಿಷಯ ತಿಳಿದುಬಿಡುತ್ತಿತ್ತು. ಹಾಗಾಗಿ ಸೌಮ್ಯಶ್ರೀಯೇ ಎಂದಿನಂತೆ ಕೊಡ ಹೊತ್ತಳು, ಬೆಡ್‌ಶೀಟ್ ಕುಕ್ಕಿ ಒಗೆದಳು, ಮೂವರಿಗೂ ಅಡುಗೆ ಮಾಡಿ, ಬಾಕ್ಸ್ ಕಟ್ಟಿ ಕೆಲಸಕ್ಕೆ ಓಡಿದಳು. ಗುಟ್ಟು ಉಳಿಯಬೇಕಾದರೆ ಅವಳ ಕೆಲಸ ಒಂದಿಷ್ಟೂ ಕಮ್ಮಿಯಾಗುವಂತಿರಲಿಲ್ಲ.

ಕೆಲಸ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ. ಕರೆಂಟ್ ಮೀಟರು ಕೂರಿಸುವ ತಗಡಿನ ಡಬ್ಬಿಗಳಿಗೆ ಅಲ್ಲಿ ಪೇಂಟ್ ಹೊಡೆಯುತ್ತಾರೆ. ಅದಕ್ಕೆ ಮೊದಲು ಡಬ್ಬಿಯ ಎಣ್ಣೆ ಜಿಡ್ಡನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಅದು ಹೆಂಗಸರ ಮೇಜು. ಮಾಸ್ಕ್ ಅಂದರೆ ಅವರವರ ದುಪಟ್ಟಾ. ಫ್ಯಾನ್ ಒಬ್ಬಳ ಮುಂದಿನ ವಾಸನೆಯನ್ನು ತೆಗೆದು ಪಕ್ಕದವಳ ಮುಖಕ್ಕೆ ಹೊಡೆಯುತ್ತಿತ್ತು. ಸಂಜೆಯ ಹೊತ್ತಿಗೆ ತಲೆ ಧಿಮ್ಮೆನ್ನುವುದು ಅಲ್ಲಿ ಯಾರಿಗೂ ಕಾಯಿಲೆಯಲ್ಲ.

"ಈ ವಾಸನೆ ಮಗುಗೆ ಆಗಲ್ವಂತೆ ರೀ. ಕೆಲಸ ಬಿಟ್ಬಿಡ್ಲಾ?" ಎಂದು ಗಂಡನನ್ನು ಕೇಳಿದಳು.

"ಬಿಟ್ರೆ ಯಾಕೆ ಬಿಟ್ಟೆ ಅಂತ ಎಲ್ರೂ ಕೇಳ್ತಾರೆ. ಇನ್ನೊಂಚೂರು ದಿನ ತಡ್ಕೋ ಕಣೇ. ಆಮೇಲೆ ನಾವೇ ಡಂಗುರ ಹೊಡೆಯೋಣ."

ಕೆಟ್ಟವನಲ್ಲ ಗಿರಿರಾಜ್. ಬರುವಾಗ ಮಾವಿನಕಾಯಿ ತರುತ್ತಿದ್ದ. ಜೇಬಿನಲ್ಲಿ ಮುಚ್ಚಿಟ್ಟುಕೊಂಡು ತರುತ್ತಿದ್ದ, ಅಷ್ಟೇ.

ಆ ಶೆಡ್ಡಿನಲ್ಲಿ ಬಸುರಿಯರಿಗೆಂದು ಮಾಲೀಕರ ನಿಯಮ ಏನೂ ಇರಲಿಲ್ಲ. ಹೆಂಗಸರ ಮೇಜು ನೋಡಿಕೊಳ್ಳುವ ಮುತ್ತವ್ವನದೊಂದು ನಿಯಮ ಇತ್ತು. ಮುಟ್ಟು ನಿಂತಿದೆ ಎಂದು ಅವಳ ಕಿವಿಯಲ್ಲಿ ಹೇಳಿದರೆ ಸಾಕು, ಮರುದಿನದಿಂದ ಆ ಹುಡುಗಿ ಶೆಡ್ಡಿನ ಆಚೆ ಬದಿಯಲ್ಲಿ, ಕಿಟಕಿ ಹತ್ತಿರ ಪ್ಯಾಕಿಂಗಿಗೆ ಕೂರುತ್ತಿದ್ದಳು. "ಅಲ್ಲಿ ಕೈ ಸಾಲವಲ್ದು ಸಾರ್," ಎಂದು ಮಾಲೀಕರಿಗೆ ಹೇಳಿ ಮುತ್ತವ್ವ ಮಾತು ಮುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಸೌಮ್ಯಶ್ರೀ ಶೆಡ್ಡಿನ ಹಿಂದೆ ವಾಂತಿ ಮಾಡಿ ಬಂದಾಗ ಮುತ್ತವ್ವ ಅವಳನ್ನು ಹಿಡಿದು ನಿಲ್ಲಿಸಿದಳು.

"ಏನವ್ವಾ, ಏನರ ವಿಶೇಷ ಐತೇನು?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಪೇಡೆಯ ಕಥೆ ಹೇಳುವಾಗಿನ ಅತ್ತೆಯ ಮುಖ ಕಣ್ಣಿಗೆ ಕಟ್ಟಿತು. ಅವಳಿಗೂ ಭಯ ಹತ್ತಿಬಿಟ್ಟಿತ್ತು. ಹೇಳಿದ ಬಾಯಿ ಮುಚ್ಚುವುದರೊಳಗೆ ಹೋಗಿಬಿಟ್ಟರೆ?

"ಇಲ್ಲಕ್ಕಾ. ಗ್ಯಾಸ್ಟ್ರಿಕ್ಕು."

"ಗ್ಯಾಸ್ಟ್ರಿಕ್ಕಿಗೆ ಹೆಸರೇನ ಇಡಾಕಿ ಮತ್ತ?"

ಮೇಜಿನ ಸುತ್ತ ಎಲ್ಲರೂ ನಕ್ಕರು. ಅವಳೂ ನಕ್ಕು, ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿದಳು.

ಮೂರು ತಿಂಗಳು ತುಂಬಲು ಇನ್ನು ಸ್ವಲ್ಪವೇ ದಿನ ಇತ್ತು. ಅವತ್ತು ನೀರು ಹಿಡಿಯುವಾಗಲೇ ಸೊಂಟ ನೋಯುತ್ತಿತ್ತು. ಮಧ್ಯಾಹ್ನ ಶೆಡ್ಡಿನ ಬಾತ್‌ರೂಮಿನಲ್ಲಿ ರಕ್ತ ಕಂಡಾಗ ಅವಳು ಕೂಗಿಕೊಳ್ಳಲಿಲ್ಲ. ಕೂಗಿದರೆ ಗೊತ್ತಾಗುತ್ತಿತ್ತು. ಜ್ವರ ಎಂದು ಹೇಳಿ ಆಟೋ ಹತ್ತಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಎಷ್ಟೋ ಸಲ ಯಾಕೆ ಹೋಯ್ತು ಅಂತ ನಮಗೂ ಗೊತ್ತಾಗಲ್ಲಮ್ಮ," ಅಂದರು. ಕೆಲಸ ಯಾವುದು ಎಂದು ಕೇಳಿ ತಿಳಿದ ಮೇಲೆ, "ಅಲ್ಲಿಂದ ಮೊದಲೇ ಎದ್ದು ಬರಬೇಕಿತ್ತು," ಅಂದರು. ಈ ಎರಡು ಮಾತನ್ನೂ ಹೊತ್ತುಕೊಂಡು ಸೌಮ್ಯಶ್ರೀ ಮನೆಗೆ ಬಂದಳು. ಯಾವುದನ್ನು ನಂಬಿದರೂ ನಿದ್ದೆ ಬರುವಂತಿರಲಿಲ್ಲ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅತ್ತು ಸುಧಾರಿಸಿಕೊಂಡು, "ಸದ್ಯ, ಯಾರಿಗೂ ಹೇಳಿರಲಿಲ್ಲ," ಅಂದರು.

ಆ 'ಸದ್ಯ' ಅವಳ ಎದೆಯಲ್ಲಿ ಮುಳ್ಳಾಗಿ ಮುರಿಯಿತು. ಗೊತ್ತೇ ಇಲ್ಲದ ಮೇಲೆ ಮಾತಾಡಿಸಲು ಯಾರು ಬರುತ್ತಾರೆ? ಅಮ್ಮನ ಮಡಿಲಿಗೆ ಬಿದ್ದು ಅಳೋಣವೆಂದರೆ ಅಮ್ಮನಿಗೂ ಗೊತ್ತಿಲ್ಲ. ವಠಾರಕ್ಕೆ ಟೈಫಾಯ್ಡ್ ಎಂದು ಹೇಳಿದ್ದಾಯಿತು. ಟೈಫಾಯ್ಡ್ ಬೇಗ ವಾಸಿಯಾಗಬೇಕಿತ್ತು. ಆಯಿತು. ವಾರ ಕಳೆಯುವಷ್ಟರಲ್ಲಿ ಅವಳು ಮತ್ತೆ ಕೊಡ ಹಿಡಿದು ನಲ್ಲಿಯ ಮುಂದೆ ನಿಂತಿದ್ದಳು.

ಅಲ್ಲಿಗೆ ವಠಾರದ ಓನರಮ್ಮ ಪಾಪಮ್ಮ ಬಂದರು. ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಜಗದಾಂಬಾರನ್ನು ನೋಡಿ, "ಏನು ಜಗದಾಂಬಮ್ಮ, ಮೊಮ್ಮಗು ಯಾವಾಗ ತೋರಿಸ್ತೀರಾ? ಸೊಸೆ ಬರೀ ಡ್ಯೂಟಿ ಡ್ಯೂಟಿ ಅಂತ ಓಡ್ತಾಳಲ್ಲ," ಎಂದರು.

"ಅಯ್ಯೋ, ಅಂಥದ್ದೇನೂ ಇಲ್ಲ ಬಿಡಿ ಇನ್ನೂ," ಅಂದರು ಅತ್ತೆ, ರಂಗೋಲಿಯಿಂದ ತಲೆ ಎತ್ತದೆ.

ಸೌಮ್ಯಶ್ರೀ ಕೊಡ ಕೆಳಗಿಟ್ಟಳು.

"ಇತ್ತು ಆಂಟಿ," ಅಂದಳು. ಧ್ವನಿ ಅವಳು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಇತ್ತು. ಹೋಯ್ತು. ಹೋದ ವಾರ."

ಪಾಪಮ್ಮನ ಕೈ ಬಾಯಿಗೆ ಹೋಯಿತು. ಜಗದಾಂಬಾರ ಬೆರಳಿನಿಂದ ಪುಡಿ ಒಂದೇ ಕಡೆ ಸುರಿಯುತ್ತಾ ಗುಡ್ಡೆಯಾಯಿತು. ಅವರು ಗದರಲಿಲ್ಲ. ಕೂತಲ್ಲಿಯೇ ಅವರ ಹೆಗಲು ಅದುರತೊಡಗಿತು. ಸೌಮ್ಯಶ್ರೀ ಹೋಗಿ ಪಕ್ಕದಲ್ಲಿ ಕೂತಳು. ಬೀದಿಗೆಲ್ಲ ಕಾಣುವ ಹಾಗೆ ಬಾಯಿಬಿಟ್ಟು ಅತ್ತಳು.

ಒಳಗಿನಿಂದ ಗಿರಿರಾಜ್ ಕೂಗಿದ. "ಸೌಮ್ಯಾ, ಬಾಕ್ಸ್ ಆಯ್ತಾ? ಅಮ್ಮಾ, ನೀನಾದ್ರೂ ನೋಡು, ಟೈಮಾಯ್ತು!"

ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ.