ಖಾಲಿ ಗಾಡಿಯ ಬ್ರೇಕ್ ಪರೀಕ್ಷೆ

ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ಗಂಗಾವತಿಯ ಹೊರಗಿನ ಒಂದು ಖಾಸಗಿ ಸರ್ವಿಸ್ ವರ್ಕ್‌ಶಾಪಿನಲ್ಲಿ ನಾನು ಫೋರ್‌ಮನ್. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಪಿಕಪ್ ಗಾಡಿಗಳು ನಮ್ಮಲ್ಲಿಗೇ ಬರುತ್ತಿದ್ದವು. ಇಪ್ಪತ್ತೊಂಬತ್ತು ವರ್ಷ ಅಲ್ಲೇ ದುಡಿದವನಾದ್ದರಿಂದ, ಗಾಡಿಯ ಸದ್ದು ಕೇಳಿಯೇ ಅದರ ರೋಗ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಈಗಲೂ ಸ್ವಲ್ಪ ಉಳಿದಿದೆ, ಸುಳ್ಳು ಹೇಳುವುದಿಲ್ಲ. ಆದರೆ ಹುಲಿಗೆಮ್ಮನವರ ಗಾಡಿ ಬಂದುಹೋದ ಮೇಲೆ ಅದು ಮೊದಲಿನಷ್ಟಿಲ್ಲ.

ಹುಲಿಗೆಮ್ಮ ಮರಳಿ ಎಂಬ ಊರಿನವರು. ಐವತ್ತು ದಾಟಿದ ಹೆಂಗಸು, ಭತ್ತದ ಸಸಿ ನಾಟಿ ಮಾಡುವ ಹೆಣ್ಣಾಳುಗಳ ಗುಂಪಿಗೆ ಹಿರಿಯರು. ಹನ್ನೆರಡು ವರ್ಷ ಹಳೆಯದಾದ ಒಂದು ಪಿಕಪ್ಪನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಓಡಿಸುವವನು ಅವರ ಮೈದುನ ದುರುಗಪ್ಪ. ಕಾಲುವೆಗೆ ನೀರು ಬಿಟ್ಟ ವಾರ ಇಬ್ಬರೂ ಗಾಡಿ ತಂದು ನಿಲ್ಲಿಸಿ ದೂರುಗಳನ್ನು ಒಂದೊಂದಾಗಿ ಹೇಳಿದರು. ಹಿಂಬಾಗಿಲ ಕೊಂಡಿ ಸಡಿಲ, ಸ್ಟೇರಿಂಗಿನಲ್ಲಿ ಆಟ, ಒಂದು ಹೆಡ್‌ಲೈಟ್ ಮಂಕು. ಕಣ್ಣಿಗೆ ಕಾಣುವ ದೂರುಗಳೆಂದರೆ ನಮಗೆ ಖುಷಿ. ಅವನ್ನೆಲ್ಲ ಬರೆದುಕೊಂಡೆ.

ಕೊನೆಗೆ ಹುಲಿಗೆಮ್ಮ, "ಇನ್ನೊಂದೈತ್ರಿ ಸಾಹೇಬ್ರ. ಮಂದಿ ಕುಂತಾಗ ಗಾಡಿ ಲಗೂ ನಿಲ್ಲಂಗಿಲ್ರಿ. ಬ್ರೇಕ್ ತುಳದ್ರೂ ಮುಂದ ಹೊಕ್ಕೈತಿ," ಎಂದರು.

ನಾನು ಪೆನ್ನು ಕೆಳಗಿಟ್ಟೆ. "ಮಂದಿ ಕುಂತಾಗ ಅಂದ್ರ ಏನ್ರಿ? ಇದು ಸರಕಿನ ಗಾಡಿ ಐತಿ, ಬಸ್ ಅಲ್ಲ. ನಾಳೆ ಏನರ ಆದ್ರ ಯಾರು ಹೊಣಿ? ಇಂಥಾ ಮಾತು ನಾ ಜಾಬ್ ಕಾರ್ಡಿನ್ಯಾಗ ಬರಿಯಂಗಿಲ್ಲ."

ಜಾಬ್ ಕಾರ್ಡ್ ಎಂದರೆ ಮಾಲೀಕರ ದೂರು ಮತ್ತು ನಾವು ಮಾಡಿದ ಕೆಲಸ, ಎರಡನ್ನೂ ದಾಖಲಿಸುವ ಹಾಳೆ. ನಾನು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ಆದರೆ ನಾಲ್ಕು ಜನರ ಮುಂದೆ, ದನಿ ಏರಿಸಿ ಹೇಳಿದೆ. ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ಹಿಂದೆ ಸರಿದರು. ನಾನು ಹಾಳೆಯಲ್ಲಿ 'ಬ್ರೇಕ್ ಪರಿಶೀಲನೆ' ಎಂದಷ್ಟೇ ಬರೆದೆ.

ನಾನೇ ಗಾಡಿ ಓಡಿಸಿ ನೋಡಿದೆ. ಕನಕಗಿರಿ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಹೋಗಿ ಬಂದೆ, ಖಾಲಿ ಗಾಡಿ. ಬ್ರೇಕ್ ತುಳಿದ ಕಡೆ ತೆಪ್ಪಗೆ ನಿಂತಿತು. ಮುಂದಿನ ಬ್ರೇಕ್ ಪ್ಯಾಡ್ ಸವೆದಿದ್ದವು, ಬದಲಿಸಿದೆವು. ಹಿಂದಿನ ಚಕ್ರದ ಬ್ರೇಕ್ ಲೈನರ್ ಸವೆಯದೆ ಹೊಸದರ ಹಾಗೇ ಇದ್ದವು. "ಭಾಳ ಛಲೋ ಓಡಸ್ತೀಯಪಾ," ಎಂದು ದುರುಗಪ್ಪನ ಬೆನ್ನು ತಟ್ಟಿದೆ. ಪಾಪ, ಅವನೂ ನಕ್ಕ.

ಇಪ್ಪತ್ತು ದಿನಕ್ಕೆ ಮತ್ತೆ ಬಂದರು. ಈ ಸಲ ಹುಲಿಗೆಮ್ಮ, "ಲೋಡ್ ಇದ್ದಾಗ ನಿಲ್ಲಂಗಿಲ್ರಿ," ಎಂದರು. ಏನು ಲೋಡ್ ಎಂದು ಕೇಳಿದೆ. ಮೈದುನನ ಕಡೆ ಒಮ್ಮೆ ನೋಡಿ, "ಸಸಿ ಗಂಟು ರೀ," ಎಂದರು. ಸಸಿಯ ಕಂತೆ ಎಷ್ಟು ಭಾರ ಇದ್ದೀತು? ಮತ್ತೆ ಖಾಲಿ ಗಾಡಿಯಲ್ಲೇ ಕನಕಗಿರಿ ರಸ್ತೆಗೆ ಹೋದೆ, ಮತ್ತೆ ಅದು ತೆಪ್ಪಗೆ ನಿಂತಿತು. ಬ್ರೇಕ್ ಆಯಿಲ್ ಬದಲಿಸಿದೆವು. ಮೂರನೆಯ ಸಲ ಬಂದಾಗ ಮುಂದಿನ ಪ್ಯಾಡ್ ಮತ್ತೆ ಸವೆದಿದ್ದವು, ಇಷ್ಟು ಬೇಗ ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಹಾಳೆಯ ಕೊನೆಗೆ 'ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿ ಮಾಡಿದೆ. ಆ ಹೆಂಗಸಿಗೆ ಅನುಮಾನದ ರೋಗ ಎಂದು ಚಹಾ ಕುಡಿಯುವಾಗ ಹುಡುಗಾಟಕ್ಕೆ ಅಂದದ್ದೂ ಉಂಟು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾಲ್ಕನೆಯ ಸಲ ಹುಲಿಗೆಮ್ಮ ಒಬ್ಬರೇ ಬಂದರು, ಗಾಡಿ ಇರಲಿಲ್ಲ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಇತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕಾಲುವಿ ತಿರುವಿನ್ಯಾಗ ದುರುಗಪ್ಪ ಬ್ರೇಕ್ ತುಳದ್ರೂ ಗಾಡಿ ನಿಲ್ಲಲಿಲ್ರಿ. ಕಾಲುವಿ ದಂಡಿ ಕಟ್ಟಿಗೆ ಬಡದು ನಿಂತಿತು. ಆ ಕಟ್ಟಿ ಒಂದಿಲ್ಲಂದ್ರ ನೀರಾಗ ಹೊಕ್ಕಿದ್ವಿ. ಹದಿನಾಲ್ಕು ಮಂದಿ ಇದ್ವಿ."

"ಸಸಿ ಗಂಟು ಅಂದಿದ್ರಿ?"

"ಮೊದಲನೇ ಸಲ ಖರೇನ ಹೇಳಿದ್ನಿ. ನೀವು ಮಂದ್ಯಾಗ ಬೈದ್ರಿ. ಆಮ್ಯಾಲೆ ಹೆಂಗ ಹೇಳ್ಲಿ?"

ನಾನು ಅವರ ಪ್ಲಾಸ್ಟರ್ ಕಡೆ ನೋಡಿದೆ. ಸಸಿ ಹಚ್ಚುವವರ ಬಲಗೈ ಅದು. ನಾಟಿಯ ಹಂಗಾಮು ಮುಗಿಯಲು ಇನ್ನೂ ಮೂರು ವಾರ ಇತ್ತು. ಗುಂಪಿನ ಹೆಣ್ಣುಮಕ್ಕಳು ಇನ್ನು ಆ ಗಾಡಿ ಹತ್ತುವುದಿಲ್ಲ ಎಂದಿದ್ದರಂತೆ. ನಾನು ಅಂದೇ ಮರಳಿಗೆ ನಮ್ಮ ಡ್ರೈವರನ್ನು ಕಳಿಸಿ ಗಾಡಿ ತರಿಸಿದೆ. ಮೂತಿ ಜಜ್ಜಿಹೋಗಿತ್ತು, ಬ್ರೇಕಿಗೆ ಏನೂ ಆಗಿರಲಿಲ್ಲ.

ಮೊದಲು ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಪಕ್ಕದ ಅಕ್ಕಿ ಗಿರಣಿಯಿಂದ ಎಪ್ಪತ್ತೈದು ಕಿಲೋದ ಹತ್ತು ಭತ್ತದ ಚೀಲ ಕೇಳಿ ಹೇರಿಸಿದೆ. ಹದಿನಾಲ್ಕು ಜನರ ತೂಕ ಹೆಚ್ಚುಕಡಿಮೆ ಅಷ್ಟೇ. ನಮ್ಮ ಹಿರಿಯ ಮೆಕ್ಯಾನಿಕ್ ಖಾಜಾಸಾಬ್ ರಸ್ತೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಬಂದು ಆ ಗೆರೆಯ ಮೇಲೆ ಬ್ರೇಕ್ ತುಳಿಯಬೇಕು. ಖಾಲಿ ಇದ್ದಾಗ ಹನ್ನೊಂದು ಮೀಟರಿನಲ್ಲಿ ನಿಂತ ಗಾಡಿ, ಚೀಲ ಹೇರಿದಾಗ ಹದಿನೆಂಟು ಮೀಟರ್ ಹೋಯಿತು. ನನ್ನ ಕಾಲು ಪೆಡಲಿನ ಮೇಲೇ ಇತ್ತು, ಗಾಡಿ ಹೋಗುತ್ತಲೇ ಇತ್ತು. ಹುಲಿಗೆಮ್ಮ ಮೂರು ಸಲ ಹೇಳಿದ್ದು ಇದನ್ನೇ ಎಂದು ಗೊತ್ತಾದಾಗ ಹೆದರಿಕೆಯಾಯಿತು.

ಚೀಲ ಇಳಿಸದೆ ಗಾಡಿಯ ಕೆಳಗೆ ಮಲಗಿದೆ. ಇಲ್ಲಿ ಸ್ವಲ್ಪ ವಿವರಿಸಬೇಕು. ಹಿಂದಿನ ಆಕ್ಸಲ್ ಮೇಲೆ ಭಾರ ಹೊರಲು ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಕಂಪನಿಯವರು ಅದನ್ನು ಲೀಫ್ ಸ್ಪ್ರಿಂಗ್ ಎನ್ನುತ್ತಾರೆ, ನಮ್ಮ ಕಡೆ ಪಾಟಾ. ಅದರ ಹತ್ತಿರವೇ ಲೋಡ್ ಸೆನ್ಸಿಂಗ್ ವಾಲ್ವ್ ಎಂಬ ಸಣ್ಣ ಭಾಗವಿದೆ. ಭಾರ ಬಿದ್ದು ಗಾಡಿ ತಗ್ಗಿದರೆ ಒಂದು ಕಡ್ಡಿ ಆ ವಾಲ್ವನ್ನು ಒತ್ತುತ್ತದೆ, ಹಿಂದಿನ ಬ್ರೇಕಿಗೆ ಪೂರ್ತಿ ಒತ್ತಡ ಹೋಗುತ್ತದೆ. ಗಾಡಿ ಖಾಲಿ ಇದ್ದರೆ ಹಿಂದಿನ ಚಕ್ರ ಜಾರದಿರಲಿ ಎಂದು ಅದೇ ವಾಲ್ವ್ ಒತ್ತಡವನ್ನು ಕಡಿಮೆ ಮಾಡುತ್ತದೆ.

ಈ ಗಾಡಿಗೆ ಐದು ಪಾಟಾ ಇರಬೇಕಿತ್ತು. ಏಳು ಇದ್ದವು. ಹೆಚ್ಚು ಚೀಲ ಹೊರಲೆಂದು ಎರಡು ಪಾಟಾ ಜಾಸ್ತಿ ಹಾಕಿಸುವುದು ನಮ್ಮ ಭತ್ತದ ಸೀಮೆಯಲ್ಲಿ ಗಾಡಿ ಕೊಂಡ ಮರುದಿನದ ಕೆಲಸ. ಎಲ್ಲ ಗಾಡಿಗೂ ಅದೇ ಇರುವಾಗ ಕಣ್ಣಿಗೆ ಬಿದ್ದರೂ ಅದು ದೋಷವೆಂದು ಅನ್ನಿಸುವುದಿಲ್ಲ. ನಾನೇ ಮೂರು ಸಲ ಅದರ ಕೆಳಗೆ ಹೋಗಿ ಬಂದಿದ್ದೆ. ಹತ್ತು ಚೀಲ ಹೇರಿದರೂ ಗಾಡಿ ತಗ್ಗಿರಲಿಲ್ಲ. ತಗ್ಗದ ಮೇಲೆ ವಾಲ್ವಿನ ಲೆಕ್ಕಕ್ಕೆ ಅದು ಖಾಲಿ ಗಾಡಿಯೇ. ಹಿಂದಿನ ಲೈನರ್ ಹೊಸದರಂತೆ ಉಳಿದದ್ದು, ಮುಂದಿನ ಪ್ಯಾಡ್ ಬೇಗ ಸವೆದದ್ದು ಇದರಿಂದಲೇ, ದುರುಗಪ್ಪ ಚೆನ್ನಾಗಿ ಓಡಿಸಿದ್ದರಿಂದಲ್ಲ.

ಖಾಜಾಸಾಬ್ ಟಾರ್ಚ್ ಹಿಡಿದು ಪಾಟಾ ಬಿಗಿದ ಕ್ಲಾಂಪನ್ನೇ ನೋಡುತ್ತಿದ್ದ. ಮೆಲ್ಲಗೆ, "ಸರ್, ಈ ಕ್ಲಾಂಪ್ ನಮ್ಮಲ್ಲೇ ಮಾಡಿದ್ದೈತ್ರಿ," ಎಂದ.

ಕಂಪ್ಯೂಟರಿನಲ್ಲಿ ಗಾಡಿಯ ನಂಬರ್ ಹಾಕಿ ನೋಡಿದೆ. ಒಂಬತ್ತು ವರ್ಷದ ಹಿಂದೆ, ಮೊದಲ ಮಾಲೀಕ ಕೇಳಿದನೆಂದು ಎರಡು ಪಾಟಾ ಹೆಚ್ಚಿಗೆ ಹಾಕಿದ್ದೆವು. ವಾಲ್ವನ್ನು ಹೊಂದಿಸಿದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೆಲಸ ಒಪ್ಪಿದವರ ಜಾಗದಲ್ಲಿ ನನ್ನ ಹೆಸರಿತ್ತು.

ವರ್ಕ್‌ಶಾಪಿನ ಮಾಲೀಕರು, ಸದ್ದಿಲ್ಲದೆ ಸರಿಮಾಡಿ ಕಳಿಸಿಬಿಡಿ ಎಂದರು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಮರುದಿನ ಹುಲಿಗೆಮ್ಮ ಬಂದಾಗ ಅವರ ಪ್ಲಾಸ್ಟರ್ ನೋಡಿ ಮನಸ್ಸು ಒಪ್ಪಲಿಲ್ಲ. ಗಾಡಿಯ ಹಿಂದೆ ಕರೆದುಕೊಂಡು ಹೋಗಿ ತೋರಿಸಿದೆ.

"ಅಕ್ಕಾರ, ಗಾಡಿ ನಿಲ್ಲದಂಗ ಮಾಡಿದ್ದು ಈ ಎರಡು ಪಾಟಾ. ಇವನ್ನ ಹಾಕಿದಾಂವ ನಾನ. ನಿಮ್ಮ ಮಾತು ಕೇಳದಾಂವನೂ ನಾನ."

ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬಗ್ಗಿ ಪಾಟಾಗಳನ್ನು ಎಡಗೈ ಬೆರಳಿನಿಂದ ಎಣಿಸಿದರು.

"ಹಾಕಾಕ ಬಂದವ್ರಿಗೆ ತಗಿಯಾಕೂ ಬರ್ತೈತಿ. ತಗೀರಿ ಅಣ್ಣಾರ," ಎಂದರು. ನೆಟ್ಟಗೆ ನಿಂತ ಮೇಲೆ, "ಇಂಥಾವು ಎಷ್ಟು ಗಾಡಿಗೆ ಹಾಕೀರಿ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ.

ಪಾಟಾ ತೆಗೆದೆವು, ವಾಲ್ವ್ ಹೊಸದು ಹಾಕಿ ಅಳತೆಗೆ ಹೊಂದಿಸಿದೆವು. ಅದೇ ಹತ್ತು ಚೀಲ ಹೇರಿ ನೋಡಿದಾಗ ಗಾಡಿ ಹನ್ನೆರಡು ಮೀಟರಿಗೆ ನಿಂತಿತು. ಹುಲಿಗೆಮ್ಮ ಹೆಣ್ಣಾಳುಗಳಿಗೆ ಟಂಟಂ ಆಟೋ ಗೊತ್ತುಮಾಡಿದರು, ಪಿಕಪ್ಪಿನಲ್ಲಿ ಸಸಿ ಮಾತ್ರ. ಆ ಮೇಲೆ ಯಾವತ್ತೂ ಅದರಲ್ಲಿ ಮಂದಿ ಕೂರಲಿಲ್ಲ ಎಂದು ಬರೆದರೆ ಸುಳ್ಳಾದೀತು. ಈಗ ಕೂತರೆ ನನಗೆ ಹೇಳುತ್ತಾರೆ, ನಾನು ಬೈಯುವುದಿಲ್ಲ, ಬೇಡ ಅನ್ನುತ್ತೇನೆ.

ಅವರ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ವಾರ ಹಿಡಿಯಿತು. ನನ್ನ ಹೆಸರಿನಲ್ಲಿ ಅರವತ್ತಮೂರು ಗಾಡಿಗಳು ಸಿಕ್ಕವು. ಒಂದೊಂದರ ಮಾಲೀಕರಿಗೂ ಫೋನ್ ಮಾಡಿದೆ. ಕುಷ್ಟಗಿಯ ಒಬ್ಬ, "ಪಾಟಾ ತಗದ್ರ ಲೋಡ್ ನಿಮ್ಮ ತಲಿಮ್ಯಾಲೆ ಹೊರ್ತೀರೇನ್ರಿ?" ಎಂದು ನಕ್ಕ. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯವನು, ಗಾಡಿ ಯಾವಾಗಲೋ ಮಾರಿದೆ, ಯಾರ ಕೈಯಲ್ಲಿದೆಯೋ ಗೊತ್ತಿಲ್ಲ ಎಂದ. ನಿವೃತ್ತಿಯ ಹೊತ್ತಿಗೆ ನಲವತ್ತೊಂದು ಗಾಡಿ ಬಂದು ಸರಿಯಾದವು. ಇಪ್ಪತ್ತೆರಡು ಬರಲಿಲ್ಲ.

ದೂರು ಹೇಳಲು ಬಂದವರಿಗೆ ಮೊದಲೇ ಬುದ್ಧಿ ಹೇಳಿದರೆ, ದೂರಿನ ಮುಖ್ಯ ಮಾತು ಅವರ ಬಾಯಲ್ಲೇ ಉಳಿಯುತ್ತದೆ. ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ.

ಮೊನ್ನೆ ಕೊಪ್ಪಳಕ್ಕೆ ಹೋಗುವಾಗ ಹಿಟ್ನಾಳದಲ್ಲಿ ಚಹಾಕ್ಕೆ ಇಳಿದೆ. ಹೋಟೆಲಿನ ಮುಂದೆ ಒಂದು ಹಳೆಯ ಪಿಕಪ್ ನಿಂತಿತ್ತು. ಮಂಡಿ ನೋವಿದ್ದರೂ ಬಗ್ಗಿ ಹಿಂದಿನ ಚಕ್ರದ ಹತ್ತಿರ ನೋಡುತ್ತಿದ್ದೆ. ಅದರ ಡ್ರೈವರ್ ಚಹಾದ ಲೋಟ ಹಿಡಿದು ಬಂದ.

"ಏನ್ ಬಿದ್ದೈತ್ರಿ ಯಜಮಾನ್ರ, ಹುಡುಕಾಕತ್ತೀರಿ?"

"ಏನೂ ಬಿದ್ದಿಲ್ಲಪಾ," ಎಂದೆ. "ಲೋಡ್ ಇದ್ದಾಗ ನಿನ್ನ ಗಾಡಿ ಲಗೂ ನಿಲ್ತೈತೇನು?"

ಅವನು ಲೋಟ ಬಾನೆಟ್ ಮೇಲಿಟ್ಟು, "ಇಲ್ರಿ," ಎಂದ. "ನಿಮಗ ಹೆಂಗ ಗೊತ್ತಾತು?"